ಟಾರ್ಚನ್ನು ಓರೆ ಹಿಡಿಯಿರಿ

(ಸಮಾಜ ವಿಜ್ಞಾನ ಶಿಕ್ಷಕರ ತರಬೇತಿಯೊಂದರಲ್ಲಿ ಆಡಿದ ಮಾತುಗಳು. ಊಟದ ಹೊತ್ತಾಯಿತೆಂದು ಅವಸರದಲ್ಲಿ ಬಿಟ್ಟಿದ್ದನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೊನೆಯ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳಿಗೆ ಒಂದು ನಮಸ್ಕಾರ ಜಾಸ್ತಿ. ಇಂಥ ತರಬೇತಿಗೆ ಹೋದರೆ ನಾನು ಕೂರುವುದೂ ಅಲ್ಲೇ.

ನನಗೆ ಕೊಟ್ಟ ವಿಷಯ ‘ಪ್ರಾಚೀನ ಇತಿಹಾಸದ ಬೋಧನೆಯಲ್ಲಿ ತಂತ್ರಜ್ಞಾನ’. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ, ಅಲ್ವಾ? ಅದಕ್ಕೆ ನಾನು ಸೋತ ಕಥೆಯಿಂದಲೇ ಶುರು ಮಾಡುತ್ತೇನೆ.

ಕೋಲಾರ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲು ನಮ್ಮದು. ಸ್ಮಾರ್ಟ್ ಕ್ಲಾಸ್ ಬಂದ ವರ್ಷ ನನಗೆ ಭಾರೀ ಉತ್ಸಾಹ. ಅಶೋಕನ ಪಾಠಕ್ಕೆ ಹುಡುಕಿ ಹುಡುಕಿ ಒಂದು ವಿಡಿಯೋ ತಂದೆ. ಕಳಿಂಗ ಯುದ್ಧ, ಆನೆಗಳು, ಕೆಂಪಾದ ನದಿ, ಹಿಂದೆ ದುಃಖದ ಸಂಗೀತ. ಮಕ್ಕಳು ಪಿಟಕ್ಕೆನ್ನದೆ ನೋಡಿದರು. ನಾನು ಒಳಗೊಳಗೇ ಬೀಗಿದೆ. ಮಾರನೇ ದಿನ ‘ಯುದ್ಧ ಆದಮೇಲೆ ಅಶೋಕ ಏನು ಮಾಡಿದನಪ್ಪಾ’ ಅಂತ ಕೇಳಿದರೆ ಒಬ್ಬ ಎದ್ದು ನಿಂತು ಹೇಳಿದ: ‘ಸಾರ್, ಆನೆ ಗ್ರಾಫಿಕ್ಸ್ ಸೂಪರ್ ಆಗಿತ್ತು.’

ಹುಡುಗನ ತಪ್ಪಲ್ಲ. ಆ ವಿಡಿಯೋದಲ್ಲಿ ಅವನು ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಎಲ್ಲ ಗೊತ್ತಾಗಿ, ಎಲ್ಲ ಮುಗಿದು, ಬಣ್ಣ ಹಚ್ಚಿ ತಟ್ಟೆಗೆ ಬಡಿಸಿದ್ದರು. ಹಸಿವೇ ಆಗದವನಿಗೆ ಊಟ ಬಡಿಸಿದ ಹಾಗಾಯಿತು.

ಆಮೇಲೊಂದು ಸಂಜೆ. ನಮ್ಮ ಶಾಲೆಯ ಕಾಂಪೌಂಡಿನ ಹೊರಗೆ ಒಂದು ವೀರಗಲ್ಲು ಅರ್ಧ ಹೂತುಕೊಂಡಿದೆ. ಹುಡುಗರು ಅದರ ಮೇಲೆ ಕಾಲಿಟ್ಟು ಶೂ ಲೇಸ್ ಕಟ್ಟುತ್ತಾರೆ. ಅವತ್ತು ಕರೆಂಟ್ ಹೋಗಿತ್ತು, ಮಬ್ಬು ಕವಿದಿತ್ತು, ಒಬ್ಬ ಹುಡುಗ ಏನೋ ಬೀಳಿಸಿಕೊಂಡು ನನ್ನ ಮೊಬೈಲಿನ ಟಾರ್ಚ್ ಇಸಕೊಂಡು ನೆಲದ ಮಟ್ಟಕ್ಕೆ ಹಿಡಿದು ಹುಡುಕುತ್ತಿದ್ದ. ಬೆಳಕು ಕಲ್ಲಿನ ಮೇಲೆ ಪಕ್ಕದಿಂದ ಬಿತ್ತು. ಮಧ್ಯಾಹ್ನ ನೋಡಿದರೆ ನುಣ್ಣಗೆ ಕಾಣುವ ಕಲ್ಲಿನ ಮೇಲೆ ಎರಡು ಸಾಲು ಅಕ್ಷರ ಎದ್ದು ನಿಂತವು. ಹತ್ತು ವರ್ಷ ಆ ದಾರೀಲಿ ಓಡಾಡಿದ್ದೇನೆ, ನನಗೇ ಗೊತ್ತಿರಲಿಲ್ಲ. ‘ಸಾರ್, ಏನೋ ಬರೆದವ್ರೆ!’ ಅಂತ ಅವನು ಕೂಗಿದ ಕೂಗು ಇದೆಯಲ್ಲ, ಅದನ್ನು ಯಾವ ಸ್ಮಾರ್ಟ್ ಬೋರ್ಡೂ ಹೊರಡಿಸಿರಲಿಲ್ಲ.

ನನ್ನ ತಂತ್ರಜ್ಞಾನ ಶುರುವಾಗಿದ್ದು ಅಲ್ಲಿಂದ. ಒಂದು ಟಾರ್ಚು, ಅದೂ ಓರೆಯಾಗಿ. ನೇರ ಬೆಳಕು ಬಿದ್ದರೆ ಅಕ್ಷರದ ತಗ್ಗಿಗೂ ಕಲ್ಲಿನ ಮೈಗೂ ವ್ಯತ್ಯಾಸವೇ ಕಾಣುವುದಿಲ್ಲ. ಪಕ್ಕದಿಂದ ಬಿದ್ದರೆ ಪ್ರತಿ ತಗ್ಗಿನೊಳಗೂ ಒಂದು ನೆರಳು ಕೂರುತ್ತದೆ, ನಾವು ಓದುವುದು ಆ ನೆರಳನ್ನು. ದುಡ್ಡಿರುವ ಸಂಸ್ಥೆಗಳು ಇದೇ ತತ್ವದ ಮೇಲೆ ಹತ್ತಾರು ಕಡೆಯಿಂದ ದೀಪ ಬಿಟ್ಟು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುತ್ತವೆ. ನಮಗೆ ಒಂದು ಟಾರ್ಚು ಸಾಕು. ವಿಜ್ಞಾನದ ಮೇಡಂ ಬಂದು ಬೆಳಕಿನ ಪಾಠವನ್ನೂ ಅಲ್ಲೇ ಮಾಡಿಬಿಟ್ಟರು.

ಇಲ್ಲೊಂದು ಎಚ್ಚರಿಕೆ. ಅಕ್ಷರ ಕಾಣಲಿ ಅಂತ ಕಲ್ಲಿಗೆ ಹಿಟ್ಟು, ಸುಣ್ಣ, ಸೀಮೆಸುಣ್ಣ ತಿಕ್ಕುವುದು ನಮ್ಮಲ್ಲಿ ರೂಢಿ. ನಾನೂ ತಿಕ್ಕಿದ್ದೆ. ಶಾಸನ ಓದುವ ಹಿರಿಯರೊಬ್ಬರು ನೋಡಿ ಚೆನ್ನಾಗಿ ಬೈದರು. ಎಣ್ಣೆ ಬೇಡ, ಪೇಂಟ್ ಬೇಡ, ತಂತಿ ಬ್ರಷ್ಷಂತೂ ಬೇಡವೇ ಬೇಡ. ಮಣ್ಣು ಮೆತ್ತಿದ್ದರೆ ನೀರು, ಮೆತ್ತನೆ ಬ್ರಷ್ಷು, ಅಷ್ಟೇ.

ಅಕ್ಷರ ಕಂಡಿತು, ಸರಿ. ಓದುವುದು ಹೇಗೆ? ಹೇಗೆ ಓದಿದರು ಅನ್ನುವುದನ್ನೇ ನಾನು ಆಟ ಮಾಡಿಕೊಂಡೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನುವ ಇಂಗ್ಲಿಷ್ ಅಧಿಕಾರಿ ಅಶೋಕನ ಕಾಲದ ಬ್ರಾಹ್ಮಿ ಲಿಪಿಯ ಗಂಟು ಬಿಚ್ಚಿದ್ದು ನಮ್ಮ ಪುಸ್ತಕದಲ್ಲಿ ಒಂದು ಸಾಲು. ಆದರೆ ಹೇಗೆ ಬಿಚ್ಚಿದ? ಸಾಂಚಿ ಸ್ತೂಪದ ಕಟಾಂಜನದ ಮೇಲೆ ಚಿಕ್ಕ ಚಿಕ್ಕ ಬರಹಗಳಿದ್ದವು. ತುಂಬಾ ಬರಹಗಳು ಒಂದೇ ಥರ ಮುಗಿಯುತ್ತಿದ್ದವು: ಎರಡು ಅಕ್ಷರ, ಒಂದು ಚುಕ್ಕೆ. ಇವು ಕಲ್ಲು ಕೊಟ್ಟವರ ಹೆಸರಿರಬೇಕು, ಹಾಗಾದರೆ ಕೊನೆಯದು ‘ದಾನಂ’ ಇರಬೇಕು ಅಂತ ಊಹಿಸಿದ. ದ, ನ, ಸೊನ್ನೆ ಸಿಕ್ಕಿತು. ಉಳಿದದ್ದು ಅಲ್ಲಿಂದ ಬಿಚ್ಚಿಕೊಂಡಿತು.

ಇದನ್ನು ಹೀಗೆ ಹೇಳಿದರೆ ಮಕ್ಕಳು ‘ಹೂಂ ಸಾರ್’ ಅಂತಾರೆ, ಮುಗೀತು. ನಾನು ಹೇಳಲಿಲ್ಲ. ‘ಅಕ್ಷರಮುಖ’ ಅಂತ ಒಂದು ಉಚಿತ ಸಾಧನ ಇಂಟರ್ನೆಟ್ಟಿನಲ್ಲಿದೆ, ಕನ್ನಡದಲ್ಲಿ ಬರೆದದ್ದನ್ನು ಬ್ರಾಹ್ಮಿಗೆ ತಿರುಗಿಸಿ ಕೊಡುತ್ತದೆ. ಬ್ರಾಹ್ಮಿ ಯೂನಿಕೋಡಿಗೆ ಸೇರಿದ್ದು 2010ರಲ್ಲಿ, ಹಾಗಾಗಿ ಈಗ ಪ್ರಿಂಟೂ ತೆಗೆಯಬಹುದು. ತರಗತಿಯ ಮಕ್ಕಳ ಹೆಸರನ್ನೇ ಹಾಕಿ, ಪ್ರತಿಯೊಂದರ ಮುಂದೆ ‘ದಾನಂ’ ಸೇರಿಸಿ, ಇಪ್ಪತ್ತು ಸಾಲು ಪ್ರಿಂಟ್ ತೆಗೆದು ಗುಂಪುಗಳಿಗೆ ಹಂಚಿದೆ. ಒಂದೇ ಒಂದು ಸುಳಿವು ಕೊಟ್ಟೆ: ‘ನಮ್ಮೂರ ದೇವಸ್ಥಾನದ ಫ್ಯಾನ್ ನೋಡಿಕೊಂಡು ಬನ್ನಿ.’

ಫ್ಯಾನಿನ ರೆಕ್ಕೆ ಮೇಲೆ ಏನಿರುತ್ತೆ ನಿಮಗೆ ಗೊತ್ತಲ್ಲ. ಇಂಥವರ ಜ್ಞಾಪಕಾರ್ಥ ಇಂಥವರ ಕೊಡುಗೆ. ಗಾಳಿಗಿಂತ ಹೆಸರೇ ಜಾಸ್ತಿ ಬೀಸುತ್ತಿರುತ್ತದೆ. ಎರಡನೇ ದಿನ ಒಬ್ಬಳು ಹುಡುಗಿ ಬಂದು, ‘ಸಾರ್, ಕೊನೇಲಿ ಬರೋದು ಕೊಡುಗೆ ಅಂತ ಇರಬೇಕು, ಆದ್ರೆ ಎರಡೇ ಅಕ್ಷರ ಇದೆ, ದಾನಾನಾ?’ ಅಂದಳು. ಪ್ರಿನ್ಸೆಪ್‌ನ ಹೆಸರು ನಾನು ಹೇಳಿದ್ದು ಆಮೇಲೆ. ಆ ಮೇಲೆ ಒಂದು ತಿಂಗಳು ಅವರ ಚೀಟಿ ವ್ಯವಹಾರವೆಲ್ಲ ಬ್ರಾಹ್ಮಿಯಲ್ಲಿ. ಪರೀಕ್ಷೆಯಲ್ಲಿ ಕಾಪಿ ಹೊಡೆಯೋಕೂ ಬಳಸಿದರೋ ಏನೋ, ನಾನು ಕೇಳಲಿಲ್ಲ.

ಈಗ ಅಶೋಕನಿಗೆ ಮತ್ತೆ ಬರೋಣ. ಆನೆ ಗ್ರಾಫಿಕ್ಸ್ ಬಿಟ್ಟು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಹತ್ತಿರ ಬ್ರಹ್ಮಗಿರಿ ಇದೆ. ಅಲ್ಲಿನ ಅಶೋಕನ ಶಾಸನವನ್ನು ಮೈಸೂರು ಸರ್ಕಾರದ ಅಧಿಕಾರಿ ಬಿ.ಎಲ್. ರೈಸ್ ಹುಡುಕಿದ್ದು 1892ರಲ್ಲಿ. ಅದರ ಕೊನೆಯಲ್ಲಿ ಬರೆದವನ ಸಹಿ ಇದೆ. ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. ಸಹಿಯ ಕೊನೆಯ ಪದ, ‘ಲಿಪಿಕಾರನಿಂದ’ ಅನ್ನುವ ಅರ್ಥದ್ದು, ಅದೊಂದು ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಭಾಗ. ಮೊಳಕಾಲ್ಮೂರಿನ ಬಂಡೆ ಮೇಲೆ ಅದಕ್ಕೇನು ಕೆಲಸ?

ಇಷ್ಟೇ ಹೇಳಿ ನಾನು ಗೂಗಲ್ ಅರ್ಥ್ ತೆರೆದು ಮಕ್ಕಳ ಕೈಗೆ ಮೌಸ್ ಕೊಟ್ಟೆ. ಗಾಂಧಾರದ ತಕ್ಷಶಿಲೆಯಿಂದ ಬ್ರಹ್ಮಗಿರಿಗೆ ಗೆರೆ ಎಳೆದರು. ನೇರ ಗೆರೆಯೇ 2,000 ಕಿಲೋಮೀಟರಿಗೂ ಜಾಸ್ತಿ ಬಂತು. ದಿನಕ್ಕೆ 20 ಕಿಲೋಮೀಟರ್ ನಡೆದರೆ ನೂರು ದಿನ. ನದಿ ಬಂದರೆ? ಮಳೆಗಾಲ ಬಂದರೆ? ಚಪಡ ನಿಜವಾಗಿ ಅಲ್ಲಿಂದಲೇ ಬಂದನಾ, ಇಲ್ಲ ಅವರಪ್ಪ ಬಂದಿದ್ದನಾ, ಇಲ್ಲ ಬರೀ ಆ ಲಿಪಿ ಕಲಿತವನಾ? ಗೊತ್ತಿಲ್ಲ ಅಂದೆ. ಸುಮ್ನೆ ಗತ್ತು ತೋರಿಸೋಕೆ ಎರಡು ಲಿಪಿ ಬರೆದಿದ್ದಾನೆ ಅಂದ ಒಬ್ಬ. ಅದೂ ಇರಬಹುದು! ಬೈಕಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆಸುವವನು ಆ ಹುಡುಗ, ಅವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು.

ಮಸ್ಕಿಯದ್ದು ಇನ್ನೊಂದು ಥರದ ಮಜಾ. ಅಲ್ಲಿನ ಶಾಸನ ಕಣ್ಣಿಗೆ ಬಿದ್ದದ್ದು 1915ರಲ್ಲಿ, ಅದೂ ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರಿಗೆ. ಅಲ್ಲಿಯವರೆಗೆ ಓದಿದ್ದ ಶಾಸನಗಳಲ್ಲಿ ರಾಜ ತನ್ನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತಲೇ ಕರೆದುಕೊಂಡಿದ್ದ. ಜೊತೆಗೆ ‘ಅಶೋಕ’ ಅನ್ನುವ ಹೆಸರು ಸಿಕ್ಕಿದ್ದು ರಾಯಚೂರಿನ ಈ ಬಂಡೆಯಲ್ಲಿ. ಕೆಜಿಎಫ್ ಪಕ್ಕದ ನಮ್ಮ ಮಕ್ಕಳಿಗೆ ಗಣಿ ಎಂಜಿನಿಯರ್ ಅಂದ ಕೂಡಲೇ ಕಿವಿ ನೆಟ್ಟಗಾಯಿತು.

ನಿಮ್ಮೂರಿನ ಕಲ್ಲಿನ ವಿಷಯಕ್ಕೆ ಬರುತ್ತೇನೆ. ‘ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಸಾರ್’ ಅಂತ ಹೇಳುವ ಮೊದಲು ‘ಎಪಿಗ್ರಾಫಿಯಾ ಕರ್ನಾಟಿಕಾ’ ನೋಡಿ. ಇದೇ ರೈಸ್ ಸಾಹೇಬರು ಮೈಸೂರು ಸೀಮೆಯ ಊರೂರಿನ ಶಾಸನ ಬರೆಸಿಕೊಂಡು ತಂದ ಸಂಪುಟಗಳು, ಮೊದಲನೆಯದು 1886ರಲ್ಲಿ ಬಂತು. ಕೋಲಾರದ್ದು ಹತ್ತನೇ ಸಂಪುಟ, ಬೆಂಗಳೂರಿನದ್ದು ಒಂಬತ್ತು. ಈಗ ಇಂಟರ್ನೆಟ್ಟಿನಲ್ಲಿ ಪಿಡಿಎಫ್ ಸಿಗುತ್ತದೆ, ಕಾಸು ಕೊಡಬೇಕಿಲ್ಲ. ತಾಲ್ಲೂಕಿನ ಹೆಸರು, ಮುಂದೆ ನಂಬರು, ಶಾಸನ ಎಲ್ಲಿತ್ತು ಅನ್ನುವ ವಿವರ: ದೇವಸ್ಥಾನದ ಬಾಗಿಲ ಪಕ್ಕ, ಕೆರೆ ತೂಬಿನ ಹತ್ತಿರ, ಇಂಥವರ ಹೊಲದಲ್ಲಿ. ಮಕ್ಕಳಿಗೆ ಆ ವಿಳಾಸ ಕೊಟ್ಟು ಭಾನುವಾರ ಹುಡುಕೋಕೆ ಕಳಿಸಿದೆ. ಕೆಲವು ಅಲ್ಲೇ ಇದ್ದವು. ಒಂದು ಬಟ್ಟೆ ಒಗೆಯುವ ಕಲ್ಲಾಗಿತ್ತು, ಒಂದರ ಮೇಲೆ ಟೈಲ್ಸ್ ಕೂತಿತ್ತು. ಒಂದನ್ನು ನಿಧಿ ಇದೆ ಅಂತ ಯಾರೋ ಒಡೆದುಹಾಕಿದ್ದರು. ಸಿಕ್ಕ ಜಾಗವನ್ನೆಲ್ಲ ಮಕ್ಕಳು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿದರು. ನಮ್ಮ ಕೋಲಾರದ ಹಳೇ ಹೆಸರು ಕುವಳಾಲ, ಗಂಗರ ರಾಜರು ತಮ್ಮ ಬಿರುದಿನಲ್ಲೇ ‘ಕುವಳಾಲಪುರವರೇಶ್ವರ’ ಅಂತ ಹೇಳಿಕೊಳ್ಳುತ್ತಿದ್ದರು ಅಂತ ಗೊತ್ತಾದಾಗ ಮಕ್ಕಳ ಎದೆ ಎರಡು ಇಂಚು ಉಬ್ಬಿತು.

ಬೆಂಗಳೂರಿನವರಿಗೆ ಇನ್ನೂ ಸಲೀಸು. ಮಿಥಿಕ್ ಸೊಸೈಟಿ ಅನ್ನುವ ಸಂಶೋಧನಾ ಸಂಸ್ಥೆಯವರು ನಗರದ ಸುತ್ತಲಿನ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅದರಲ್ಲಿ ಊರಿನ ಹೆಸರು ‘ಪೆರ್ಬೊಳಲ್’ ಅಂತಿದೆ. ಪೆರ್ಬೊಳಲ್ ಹೆಬ್ಬಾಳ ಆಗಿದ್ದು ಹೇಗೆ? ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಯಿತು ಅಂತ ವ್ಯಾಕರಣದಲ್ಲಿ ಹೇಳಿಕೊಡುತ್ತೇವೆ, ಯಾರಿಗೂ ನಾಟುವುದಿಲ್ಲ. ಫ್ಲೈಓವರಿನ ಬೋರ್ಡ್ ತೋರಿಸಿ ಹೇಳಿದರೆ ನಾಟುತ್ತದೆ. ನಮ್ಮ ತರಗತಿಯಲ್ಲಿ ತೆಲುಗು ಮನೆಮಾತಿನ ಮಕ್ಕಳೇ ಅರ್ಧ. ಹಾಲಿಗೆ ಪಾಲು, ಹುಲಿಗೆ ಪುಲಿ, ಹೂವಿಗೆ ಪುವ್ವು ಅಂತ ಅವರೇ ಪಟಪಟ ಹೇಳತೊಡಗಿದರು. ಕನ್ನಡ ಪೀರಿಯಡ್ಡಿನಲ್ಲಿ ಬಾಯಿ ಬಿಡದಿದ್ದವರು ಅವತ್ತು ಉಳಿದವರಿಗೆ ಹಳಗನ್ನಡದ ಮೇಷ್ಟ್ರಾದರು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲ ಯುದ್ಧ ನಿಮಗೆ ಗೊತ್ತು. ರಾಷ್ಟ್ರಕೂಟರ ಮೂರನೇ ಕೃಷ್ಣ ಒಂದು ಕಡೆ, ಚೋಳರ ರಾಜಾದಿತ್ಯ ಇನ್ನೊಂದು ಕಡೆ, 949. ಒಂದು ಅಂಕದ ಪ್ರಶ್ನೆ. ಆ ಯುದ್ಧದಲ್ಲಿ ರಾಷ್ಟ್ರಕೂಟರ ಜೊತೆಗಿದ್ದ ಗಂಗರ ಬೂತುಗನ ಕಡೆ ಮಣಲೇರ ಅನ್ನುವವನು ಚೆನ್ನಾಗಿ ಕಾದಾಡಿದ. ರಾಜ ಮೆಚ್ಚಿ ‘ಏನು ಬೇಕು ಕೇಳು’ ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಅವನು ರಾಜನ ಬೇಟೆನಾಯಿ ಕೇಳಿದ. ಕಾಳಿ ಅಂತ ಅದರ ಹೆಸರು. ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೇರ ನಾಯಿಗೆ ಕಲ್ಲು ನೆಡಿಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡುವ ಚಿತ್ರ ಇದೆ. ಪೂಜೆಗೆ ಅಂತ ಭೂಮಿ ಬಿಟ್ಟ. ಪೂಜೆ ಮಾಡಬೇಕಾದ ಗೊರವ ಪೂಜೆ ಮಾಡದೆ ಉಂಡರೆ ಆ ನಾಯಿಯ ಪಾಪ ಅವನಿಗೆ ತಟ್ಟಲಿ ಅಂತಲೂ ಬರೆಸಿದ.

ಈ ಪಾಠಕ್ಕೆ ನಾನು ಪ್ರೊಜೆಕ್ಟರ್ ಬಳಸುತ್ತೇನೆ. ಕಲ್ಲಿನ ಒಂದು ಫೋಟೋ, ಅಷ್ಟೇ. ‘ಏನು ಕಾಣ್ತಿದೆ’ ಅಂತ ಕೇಳಿ ಐದು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಮೇಷ್ಟ್ರುಗಳಿಗೆ ಇದು ಎಷ್ಟು ಕಷ್ಟ ಅಂತ ನಿಮಗೆ ಬೇರೆ ಹೇಳಬೇಕಾ! ಆ ನಾಯಿಯಿಂದಾಗಿ ತಕ್ಕೋಲ ಯುದ್ಧ ನಮ್ಮ ಮಕ್ಕಳಿಗೆ ಈಗ ಮರೆಯುವುದಿಲ್ಲ.

ಅದೇ ಕಲ್ಲಿನಿಂದ ಒಂದು ಗಣಿತದ ಜಗಳವೂ ಹುಟ್ಟಿತು. ಶಾಸನದಲ್ಲಿರುವುದು ಶಕ ವರ್ಷ 872. ಶಕಕ್ಕೆ 78 ಸೇರಿಸಿ ಅಂತ ನಾವೇ ಹೇಳಿಕೊಟ್ಟಿದ್ದೇವೆ. 950 ಬಂತು. ‘ಪುಸ್ತಕದಲ್ಲಿ 949 ಇದೆ ಸಾರ್, ತಪ್ಪು!’ ನಾನು ತಬ್ಬಿಬ್ಬಾದೆ. ಐಹೊಳೆ ಶಾಸನಕ್ಕೆ ಶಕ 556, ಸೇರಿಸಿದರೆ 634, ಸರಿಯಾಗಿ ಕೂರುತ್ತದೆ. ಇಲ್ಲಿ ಯಾಕೆ ಕೂರಲ್ಲ? ಉತ್ತರ ಕೊನೆಗೆ ನಮ್ಮ ಮಾತಿನಲ್ಲೇ ಸಿಕ್ಕಿತು. ವಯಸ್ಸು ಕೇಳಿದರೆ ನಾವು ಏನು ಹೇಳುತ್ತೇವೆ? ‘ಹದಿನಾಲ್ಕು ತುಂಬಿ ಹದಿನೈದು ನಡೀತಿದೆ.’ ಐಹೊಳೆಯವರು ತುಂಬಿದ್ದನ್ನು ಬರೆದರು. ಆತಕೂರಿನವರು ನಡೆಯುತ್ತಿದ್ದನ್ನು ಬರೆದರು. 871 ತುಂಬಿ 872 ನಡೆಯುತ್ತಿತ್ತು. ಎರಡೂ ಲೆಕ್ಕ ಸರಿ.

ಎಐ ಬಗ್ಗೆ ಹೇಳದಿದ್ದರೆ ನನ್ನನ್ನು ಬಿಡುವುದಿಲ್ಲ ಅಂತ ಗೊತ್ತು. ಒಂದು ಕಲ್ಲಿನ ಫೋಟೋವನ್ನು ಒಂದು ಎಐ ಆ್ಯಪಿಗೆ ಹಾಕಿ ‘ಓದು’ ಅಂದೆ. ಅದು ಒಂದು ಕ್ಷಣವೂ ತಡವರಿಸದೆ ಎಂಟು ಸಾಲು ಕೊಟ್ಟಿತು. ಗಂಗರ ರಾಜ, ಬ್ರಾಹ್ಮಣರಿಗೆ ಭೂಮಿ, ನೂರು ಹಸು, ಎಲ್ಲ ಚೆಂದವಾಗಿ. ನಾನು ಖುಷಿಯಿಂದ ಬೋರ್ಡಿನ ಮೇಲೆ ಬರೆದೂಬಿಟ್ಟೆ. ಆಮೇಲೆ ರೈಸ್ ಸಂಪುಟದಲ್ಲಿ ಆ ನಂಬರ್ ತೆಗೆದು ನೋಡಿದರೆ ಅದು ಚೋಳರ ಕಾಲದ ತಮಿಳು ಶಾಸನ! ಕೋಲಾರದ ಕಡೆ ತಮಿಳು ಶಾಸನ ಬೇಕಾದಷ್ಟಿವೆ. ಲಿಪಿಯೇ ಬೇರೆ, ಭಾಷೆಯೇ ಬೇರೆ, ಹಸು ಎಲ್ಲಿಂದ ಬಂತೋ ದೇವರೇ ಬಲ್ಲ. ಬೋರ್ಡ್ ಒರೆಸಲಿಲ್ಲ. ಪಕ್ಕದಲ್ಲೇ ಪುಸ್ತಕದ ಪಾಠ ಬರೆದು, ‘ಇವೆರಡರಲ್ಲಿ ಯಾವುದು ನಿಜ, ಹೇಗೆ ಗೊತ್ತು ಮಾಡ್ತೀರಿ’ ಅಂತ ಮಕ್ಕಳಿಗೇ ಬಿಟ್ಟೆ. ಅವತ್ತಿನ ತರಗತಿ ನನ್ನ ಇಪ್ಪತ್ತು ವರ್ಷದ ಸರ್ವೀಸಿನ ಒಳ್ಳೇ ತರಗತಿಗಳಲ್ಲಿ ಒಂದು.

ಹಾಗಂತ ಎಐ ದಂಡ ಅಂತಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಇಟಲಿಯ ಹರ್ಕ್ಯುಲೇನಿಯಮ್ಮಿನಲ್ಲಿ ಸುಟ್ಟು ಇದ್ದಿಲಾದ ಸುರುಳಿಗಳನ್ನು ಈಗ ಬಿಚ್ಚದೆಯೇ ಓದುತ್ತಿದ್ದಾರೆ. ಸ್ಕ್ಯಾನ್ ಮಾಡಿ, ಆ ಚಿತ್ರದಲ್ಲಿ ಶಾಯಿಯ ಜಾಡನ್ನು ಎಐ ಕೈಲಿ ಹುಡುಕಿಸುತ್ತಾರೆ. 2023ರಲ್ಲಿ ಮೊದಲ ಪದ ಹೊರಬಂತು, ನೇರಳೆ ಬಣ್ಣ ಅನ್ನುವ ಅರ್ಥದ ಗ್ರೀಕ್ ಪದ. ಹುಡುಕಿದ ಲ್ಯೂಕ್ ಫ್ಯಾರಿಟರ್ ಆಗ 21 ವರ್ಷದ ವಿದ್ಯಾರ್ಥಿ. ಆದರೆ ಅಲ್ಲಿ ಯಂತ್ರ ತೋರಿಸಿದ್ದು ಶಾಯಿ ಎಲ್ಲಿದೆ ಅನ್ನುವುದನ್ನು. ಅದು ಯಾವ ಪದ ಅಂತ ಓದಿ ಒಪ್ಪಿದ್ದು ಗ್ರೀಕ್ ಬಲ್ಲ ಮನುಷ್ಯರು. ನಮ್ಮ ಟಾರ್ಚಿನ ಕೆಲಸವೂ ಅಷ್ಟೇ ಅಲ್ವಾ?

3ಡಿ ಬಗ್ಗೆ ಕೇಳಿದ್ದಿರಿ, ಬೇಗ ಹೇಳಿಬಿಡುತ್ತೇನೆ. ಫೋನಿನಲ್ಲೇ ಆಗುತ್ತದೆ. ಮೋಡ ಇರುವ ದಿನ, ಫ್ಲಾಷ್ ಇಲ್ಲದೆ, ಕಲ್ಲಿನ ಸುತ್ತ ಐವತ್ತು ಅರವತ್ತು ಫೋಟೋ. ಒಂದು ಫೋಟೋದಲ್ಲಿ ಕಂಡ ಭಾಗದ ಮುಕ್ಕಾಲು ಪಾಲಾದರೂ ಮುಂದಿನದರಲ್ಲೂ ಕಾಣಬೇಕು. ಅದನ್ನೆಲ್ಲ ಜೋಡಿಸುವ ಉಚಿತ ಸಾಫ್ಟ್‌ವೇರ್ ಇವೆ, ಮೆಶ್‌ರೂಮ್ ಅಂತ ಒಂದು. ಶಾಲೆಯ ಕಂಪ್ಯೂಟರ್ ಎಳೆಯಲಿಲ್ಲ, ನನ್ನ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಗುಂಯ್‌ಗುಡುತ್ತಿತ್ತು, ಮನೆಯವರು ಬೈದರು. ಆದರೆ ಬೆಳಿಗ್ಗೆ ಸಿಕ್ಕ ಮಾದರಿಯಲ್ಲಿ ಬಣ್ಣ ತೆಗೆದು ಬರೀ ಬೂದು ಮಾಡಿ ಬೆಳಕನ್ನು ಅತ್ತಿತ್ತ ತಿರುಗಿಸಿದಾಗ, ಕಲೆ, ಪಾಚಿ, ಕುಂಕುಮ ಎಲ್ಲ ಮಾಯವಾಗಿ ಅಕ್ಷರ ಮಾತ್ರ ಉಳಿಯಿತು. ಅದೇ ಬೇಕಿದ್ದದ್ದು.

ಸಿಲಬಸ್ ಮುಗಿಯುವುದು ಯಾವಾಗ ಅಂತ ಈ ಮೇಡಂ ಚೀಟಿ ಕಳಿಸಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಇದನ್ನೆಲ್ಲ ವರ್ಷಪೂರ್ತಿ ಮಾಡುವುದಿಲ್ಲ. ಮೂರು ಪಾಠ, ಎರಡು ಭಾನುವಾರ. ಉಳಿದದ್ದು ನಿಮ್ಮ ಹಾಗೆಯೇ, ಪ್ರಶ್ನೋತ್ತರ ಬರೆಸುತ್ತೇನೆ. ಅದರಲ್ಲಿ ನಾಚಿಕೆ ಏನಿಲ್ಲ.

ನಮ್ಮ ಕಾಂಪೌಂಡಿನ ಕಲ್ಲು ಏನಾಯಿತು ಅಂತ ಹೇಳಲಿಲ್ಲ ಅಲ್ವಾ. ಅದು ರೈಸ್ ಪುಸ್ತಕದಲ್ಲಿ ಇಲ್ಲ, ನಾವು ಮೂರು ಸಲ ಹುಡುಕಿದೆವು. ಮೊದಲ ಸಾಲಿನಲ್ಲಿ ‘ತುರು’ ಅನ್ನುವುದು ಸ್ಪಷ್ಟ ಇದೆ, ದನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವನು ಅಂತ ಕಾಣುತ್ತದೆ. ಎರಡನೇ ಸಾಲಿನಲ್ಲಿ ಅವನ ಹೆಸರು. ಮೊದಲ ಅಕ್ಷರ ‘ಮ’ ಅಂತ ಆ ದಾನಂ ಹುಡುಗಿ ಹೇಳುತ್ತಾಳೆ. ನಾನು ‘ವ’ ಅಂತೀನಿ. ಹಳೇ ಲಿಪಿಯಲ್ಲಿ ಅವೆರಡೂ ಅಕ್ಕತಂಗಿಯರ ಹಾಗೆ. ಅವಳು ಈಗ ಪಿಯುಸಿ, ಆದರೂ ಶನಿವಾರ ಸಂಜೆ ಬಸ್ಸಿಳಿದು ಮೊದಲು ಕಲ್ಲಿನ ಹತ್ತಿರ ಬಂದು ಟಾರ್ಚ್ ಹಾಕುತ್ತಾಳೆ. ಹೋದ ವಾರ ಎಡಗಡೆಯಿಂದ ಹಿಡಿದು ಫೋಟೋ ಕಳಿಸಿದ್ದಳು. ಮ ಥರವೇ ಕಾಣುತ್ತಿದೆ. ನಾನಿನ್ನೂ ಒಪ್ಪಿಲ್ಲ.